ಉಗುಳು ಬಿದ್ದ ಹಾಡು

ನಮ್ಮ ಮುಳಬಾಗಿಲಿನಲ್ಲಿ ಬ್ಯಾಂಡ್ ಅಂದರೆ ಮದುವೆಯ ಬ್ಯಾಂಡ್ ಸೆಟ್ಟು. ಕೆಂಪು ಕೋಟು, ಹೆಗಲ ಮೇಲೆ ಜರಿಯ ಕುಚ್ಚು, ಕಾಲಿಗೆ ಹವಾಯಿ ಚಪ್ಪಲಿ. ನಮ್ಮಪ್ಪ ಆ ಸೆಟ್ಟಿನಲ್ಲಿ ತುತ್ತೂರಿ ಊದುತ್ತಿದ್ದರು. ನಾನು ಅವರ ಪಕ್ಕದಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದೆ. ಬೆವರಿನಲ್ಲಿ ನೆನೆದು, ಒಗೆಯದೆ, ಒಬ್ಬರಿಂದೊಬ್ಬರಿಗೆ ದಾಟಿ ಬಂದ ಆ ಕೋಟಿನ ಕಾಲರು ಕತ್ತಿಗೆ ತಾಗಿದಾಗ ಆಗುತ್ತಿದ್ದ ಜಿಗುಟನ್ನು ನೆನೆದರೆ ಈಗಲೂ ಮೈ ಮುದುಡುತ್ತದೆ. ಮುಂದೆ ಒಂದು ದಿನ ನಾನು ಬೇರೆ ಥರದ ಬ್ಯಾಂಡು ಸೇರಿದ್ದೇನೆ, ಅದನ್ನು ಪಂಕ್ ಅನ್ನುತ್ತಾರೆ ಎಂದು ಮನೆಯಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

“ಕೋಟು ಯಾರ್ ಕೊಡ್ತಾರೆ?”

“ಕೋಟಿಲ್ಲಪ್ಪ. ಯಾವ್ ಬಟ್ಟೆನಾದ್ರೂ ಹಾಕ್ಕೋಬೋದು.”

“ಹಂಗಾದ್ರೆ ಮೇಲು,” ಅಂದರು.

ಅಕ್ಕನನ್ನು ಮೊದಲು ಕಂಡದ್ದು ಕೋಲಾರದ ಒಂದು ಛತ್ರದ ಮುಂದೆ. ಅವಳು ನಮ್ಮ ಯಾರ ಸ್ವಂತ ಅಕ್ಕನೂ ಅಲ್ಲ. ವಯಸ್ಸಿನಲ್ಲಿ ದೊಡ್ಡವಳು ಅಂತ ನಾನೂ ಗಿಟಾರಿನವನೂ ಹಾಗೆ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೇ ಬರೆಯುತ್ತೇನೆ. ಅವಳ ಊರು ಗೌನಿಪಲ್ಲಿಯ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಕೋಲಾರದ ಒಂದು ಮೊಬೈಲ್ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದಳು. ಅವತ್ತು ನಾನು ಗಂಡಿನ ಮೆರವಣಿಗೆಯಲ್ಲಿ ಬಾರಿಸುತ್ತಿದ್ದೆ. ಕುಡಿದ ನೆಂಟರು ನಮ್ಮ ಮುಖದ ಮುಂದೆ ನೋಟು ಆಡಿಸಿ, ಕೈಚಾಚಿದರೆ ಹಿಂದಕ್ಕೆ ಎಳೆದುಕೊಂಡು ನಗುತ್ತಿದ್ದರು. ಅವರಲ್ಲೊಬ್ಬ ನೋಟನ್ನು ತನ್ನ ಬಾಯಲ್ಲಿ ಕಚ್ಚಿಕೊಂಡು, ನೀನೂ ಬಾಯಿಂದಲೇ ತಗೋ ಅಂತ ಅಪ್ಪನ ಮುಂದೆ ಬಗ್ಗಿದ. ಅವನ ಜೊಲ್ಲು ನೋಟಿನಿಂದ ತೊಟ್ಟಿಕ್ಕುತ್ತಿತ್ತು. ನಾನು ಹಾಡು ಬಿಟ್ಟು, ತಾಳ ಬಿಟ್ಟು, ಸುಮ್ಮನೆ ಹುಚ್ಚು ಹಿಡಿದವನ ಹಾಗೆ ಡ್ರಮ್ಮು ಬಡಿಯತೊಡಗಿದೆ. ರಸ್ತೆ ಬದಿ ನಿಂತಿದ್ದ ಹೆಂಗಸೊಬ್ಬಳು ಛತ್ರದ ಬಾಗಿಲ ತನಕ ನಮ್ಮ ಹಿಂದೆಯೇ ಬಂದಳು.

“ನೀನು ಬಾರ್ಸೋದು ಮದ್ವೆಗಲ್ಲ, ಜಗಳಕ್ಕೆ,” ಅಂದಳು. “ನಮ್ ಜೊತೆ ಬರ್ತೀಯೇನ್ಲಾ?”

ನಮ್ಮ ಜೊತೆ ಅಂದರೆ ಅವಳು ಮತ್ತು ಗಿಟಾರಿನವನು. ಅವನು ಮಾಲೂರಿನವನು. ತಂದೆ ಹೆಂಚಿನ ಕಾರ್ಖಾನೆಯಲ್ಲಿ ಸುಡುವ ಗೂಡು ನೋಡಿಕೊಳ್ಳುತ್ತಿದ್ದವರು. ಇವನು ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತ, ಉಳಿದ ಹೊತ್ತೆಲ್ಲ ಗಿಟಾರು ಕೆರೆಯುತ್ತಿದ್ದ. ಸೌಮ್ಯ ಹುಡುಗ. ಯಾರ ಮಾತಿಗೂ ಎದುರಾಡದವನು. ಕೈಗೆ ಗಿಟಾರು ಕೊಟ್ಟರೆ ಮಾತ್ರ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಸದ್ದು ತೆಗೆಯುತ್ತಿದ್ದ. ಅಕ್ಕ ದಪ್ಪ ತಂತಿಯ ಬೇಸ್ ಗಿಟಾರು ಹಿಡಿದು ಹಾಡುತ್ತಿದ್ದಳು. ಹಾಡು ಅನ್ನುವುದಕ್ಕಿಂತ ಕೂಗು. ಕನ್ನಡದಲ್ಲಿ ಶುರು ಮಾಡಿ ಸಿಟ್ಟು ಏರಿದಂತೆ ತೆಲುಗಿಗೆ ಹೋಗುತ್ತಿದ್ದಳು. ಪಂಕ್ ಅಂದರೆ ಏನು ಅಂತ ನಾನು ಕೇಳಿದಾಗ ಅವಳು ಹೇಳಿದ್ದು ಇಷ್ಟು: “ಎರಡ್ ನಿಮಿಷದೊಳಗೆ ಹೇಳ್ಬೇಕಾದ್ದು ಹೇಳ್ಬಿಟ್ಟು ಕೆಳಗಿಳಿಯೋದು. ಯಾರನ್ನೂ ಖುಷಿಪಡಿಸಬಾರ್ದು.”

ಅಭ್ಯಾಸಕ್ಕೆ ಶ್ರೀನಿವಾಸಪುರದ ಒಂದು ಮಾವಿನ ಮಂಡಿಯ ಗೋದಾಮು ಸಿಕ್ಕಿತು. ಸೀಸನ್ ಮುಗಿದ ಮೇಲೆ ಅದು ಖಾಲಿ. ಖಾಲಿ ಅಂದರೆ ಹಣ್ಣು ಖಾಲಿ, ಅಷ್ಟೇ. ಮೂಲೆಯಲ್ಲಿ ಕೊಳೆತ ಹುಲ್ಲು, ಗೋಡೆಗೆ ಅಂಟಿದ ರಸ, ಚೀಪಿ ಎಸೆದ ಮಾವಿನ ವಾಟೆಗಳ ರಾಶಿಯ ಮೇಲೆ ಜೊಂಯ್ ಎನ್ನುವ ನೊಣ. ಅಕ್ಕ ಬಾಯಿ ತೆರೆದು ಕೂಗಿದರೆ ನೊಣ ಒಳಗೆ ಹೋಗುತ್ತಿತ್ತು. ಉಗುಳಿ ಮತ್ತೆ ಕೂಗುತ್ತಿದ್ದಳು. ಊರಿಂದೂರಿಗೆ ಹೋಗಲು ಗಿಟಾರಿನವನ ಮಾವನ ಹಳೆಯ ಟೆಂಪೊ. ಅದು ಬೈರಕೂರಿನ ಕಡೆಯಿಂದ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊತ್ತು ಹೊತ್ತು ಸವೆದದ್ದು. ಹಲಗೆಗಳ ಸಂದಿಯಲ್ಲಿ ಇಳಿದ ರಸ ಎಷ್ಟು ತೊಳೆದರೂ ಹೋಗಲಿಲ್ಲ. ಬೇಸಿಗೆಯಲ್ಲಿ ಹೊರಟರೆ ಕೃಷ್ಣಗಿರಿ ದಾಟುವ ಹೊತ್ತಿಗೆ ಅದು ಹುಳಿ ಎದ್ದು ಮೂಗಿಗೆ ಹೊಡೆಯುತ್ತಿತ್ತು. ಒಮ್ಮೆ ವೆಲ್ಲೂರಿನಲ್ಲಿ ವೇದಿಕೆಗೆ ಡ್ರಮ್ಮು ಏರಿಸುವಾಗ ಅದರ ಅಡಿಯಿಂದ ಬಿಳಿ ಹುಳುಗಳು ಉದುರಿದವು. ಮುಂದೆ ಕೂತಿದ್ದ ಹುಡುಗರು ಇದು ಪ್ರದರ್ಶನದ ಭಾಗ ಅಂದುಕೊಂಡು ಚಪ್ಪಾಳೆ ತಟ್ಟಿದರು.

ನಾವು ಬಿಡದೆ ತಿರುಗಿದೆವು. ಮೊದಲು ಶನಿವಾರ, ಭಾನುವಾರ. ಆಮೇಲೆ ಒಬ್ಬೊಬ್ಬರಾಗಿ ಕೆಲಸ ಬಿಟ್ಟು ತಿಂಗಳುಗಟ್ಟಲೆ. ತಿರುಪತಿ, ಚೆನ್ನೈ, ಕೊಯಮತ್ತೂರು, ಕೊಚ್ಚಿ, ಹೈದರಾಬಾದು, ಪುಣೆ. ನಮಗೆ ಕಂಪನಿಯಿಲ್ಲ, ಮ್ಯಾನೇಜರಿಲ್ಲ. ಅಕ್ಕ ಫೋನಿನಲ್ಲಿ ಯಾರನ್ನೋ ಹಿಡಿದು, ಅವರಿಂದ ಇನ್ಯಾರನ್ನೋ ಹಿಡಿದು ದಾರಿ ಮಾಡುತ್ತಿದ್ದಳು. ಕಾಲೇಜು, ಪಬ್ಬು, ಬಾಗಿಲು ಮುಚ್ಚಿದ ಫ್ಯಾಕ್ಟರಿ, ಯಾರದೋ ತಾರಸಿ, ಎಲ್ಲಿ ಕರೆದರೂ ಹೋಗುತ್ತಿದ್ದೆವು.

ಜನ ಈಗ ನನ್ನನ್ನು ಕೇಳುತ್ತಾರೆ, ಊರೂರು ತಿರುಗುವುದು ಎಷ್ಟು ಚೆನ್ನಾಗಿರಬೇಕಲ್ಲವೆ ಅಂತ. ನನಗೆ ನೆನಪಿರುವುದು ಹಾಸಿಗೆಗಳು. ಯಾರದೋ ಕೂದಲು ಅಂಟಿದ ದಿಂಬು. ಹೊದಿಕೆಯ ಮೇಲೆ ಒಣಗಿ ಬಿಗಿದ ಕಲೆ. ಎಲ್ಲಿಂದಲೋ ಹತ್ತಿಕೊಂಡ ಕಜ್ಜಿ ಬೆರಳ ಸಂದಿಯಲ್ಲಿ ಶುರುವಾಗಿ ಹೊಟ್ಟೆಗೆ ಬಂದು ನಾವು ಮೂವರೂ ಟೆಂಪೊದಲ್ಲಿ ಕೆರೆದುಕೊಳ್ಳುತ್ತಾ ಕೇರಳವಿಡೀ ಸುತ್ತಿದೆವು. ಪುಣೆಯ ಒಂದು ಕಡೆ ಬಟ್ಟೆ ಬದಲಾಯಿಸಲು ಕೊಟ್ಟದ್ದು ಗಂಡಸರ ಶೌಚಾಲಯವನ್ನೇ. ಅಲ್ಲಿ ನೆಲದ ಮೇಲೆ ನಿಂತಿದ್ದ ನೀರು ನೀರಲ್ಲ. ಅಕ್ಕ ಹೊರಗೆ ಬಂದು ಹಾಕಿಕೊಂಡಿದ್ದ ಬಟ್ಟೆಯಲ್ಲೇ ಹಾಡಿದಳು.

ಅವಳ ಕಷ್ಟ ನಮಗಿಂತ ಬೇರೆ. ಶೌಚಕ್ಕೆ ಹೋಗಲು ಜಾಗವಿರುವುದಿಲ್ಲ ಅಂತ ಗೊತ್ತಿದ್ದರಿಂದ ಪ್ರದರ್ಶನದ ದಿನ ಬೆಳಗ್ಗಿನಿಂದಲೇ ಅವಳು ನೀರು ಕುಡಿಯುತ್ತಿರಲಿಲ್ಲ. ಕೊಯಮತ್ತೂರಿನಲ್ಲಿ ಉರಿಮೂತ್ರ, ಚಳಿಜ್ವರ ಬಂದು ನಡುಗತೊಡಗಿದಳು. ಕಾರ್ಯಕ್ರಮ ಏರ್ಪಡಿಸಿದ್ದ ಯುವಕನಿಗೆ ನಾನು ಒಂದು ಒಳ್ಳೆಯ ಕೋಣೆ ಕೊಡಿಸಿ ಎಂದು ಕೇಳಿದೆ. ಬೆಂಗಳೂರಿನಿಂದ ಹೋಗಿ ಅಲ್ಲಿ ನೆಲೆಸಿದವನು, ಕನ್ನಡ ಬರುತ್ತಿತ್ತು.

“ಪಂಕ್ ಅಂದ್ರೆ ಹೀಗೇ ಅಲ್ವಾ ಬ್ರೋ,” ಅಂದ. “ಈ ಕಷ್ಟಾನೇ ಅದರ ಬ್ಯೂಟಿ.”

ಅವನ ಕೈಯಲ್ಲಿ ಸ್ಯಾನಿಟೈಸರಿನ ಪುಟ್ಟ ಬಾಟಲಿಯಿತ್ತು. ನನ್ನ ಕೈ ಕುಲುಕಿದ ಮೇಲೆ ಅದನ್ನು ಒತ್ತಿ ಉಜ್ಜಿಕೊಂಡ.

ಸಂದರ್ಶನಕ್ಕೆ ಬಂದವರೆಲ್ಲ ಚಿನ್ನದ ಬಗ್ಗೆ ಕೇಳುತ್ತಿದ್ದರು. ಕೋಲಾರದವರು ಅಂದ ಕೂಡಲೇ ಗಣಿಯ ದಿಬ್ಬದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಿ ಅನ್ನುತ್ತಿದ್ದರು. ನಾವು ಮೂವರಲ್ಲಿ ಯಾರ ಮನೆಯವರೂ ಗಣಿಗೆ ಇಳಿದವರಲ್ಲ. ಅಕ್ಕ ಒಬ್ಬನಿಗೆ ಹೇಳಿದಳು, “ಬೇಕಾದ್ರೆ ಟೊಮೆಟೊ ಮುಂದೆ ನಿಲ್ತೀವಿ.” ಅವನು ಅದನ್ನೂ ಬರೆದುಕೊಂಡ.

ಇಷ್ಟೆಲ್ಲ ಆದರೂ ನಾವು ನಿಲ್ಲಿಸದಿದ್ದುದಕ್ಕೆ ಕಾರಣ ವೇದಿಕೆಯ ಮೇಲಿನ ಆ ಅರ್ಧ ಗಂಟೆ. ನಾನು ಬಡಿಯುವಾಗ ಯಾರೂ ನೋಟು ಆಡಿಸುತ್ತಿರಲಿಲ್ಲ. ಅಕ್ಕ ಕೂಗುವಾಗ ಅವಳ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು, ಮುಂದೆ ಕೂತವರು ಫೋನು ಕೆಳಗಿಳಿಸುತ್ತಿದ್ದರು. ಅದೊಂದು ನಿಜವಾಗಿತ್ತು.

ನಮಗೆ ಹೆಸರು ತಂದ ಹಾಡು ಹುಟ್ಟಿದ್ದು ಮದನಪಲ್ಲಿಯಿಂದ ಬರುವಾಗ. ಅಲ್ಲಿನ ಒಂದು ಕಾಲೇಜಿನಲ್ಲಿ ನುಡಿಸಿ ಮರುದಿನ ಬೆಳಗ್ಗೆ ಅಕ್ಕನ ಊರಿಗೆ ಬಂದು, ಅವಳ ತಾಯಿಯನ್ನು ಹತ್ತಿಸಿಕೊಂಡೆವು. ಆಕೆಗೆ ಶ್ರೀನಿವಾಸಪುರದಲ್ಲಿ ಕಣ್ಣು ತೋರಿಸಬೇಕಿತ್ತು. ಊರ ಹೊರಗಿನ ರಸ್ತೆಯಲ್ಲಿ ಒಂದು ಹೋಟೆಲು, ಮುಂದೆ ಚಪ್ಪರ, ಎರಡು ಬೆಂಚು. ಗಿಟಾರಿನವನು ಟೀ ಕುಡಿಯೋಣ ಅಂದ. ಅಕ್ಕ ಬೇಡ ಅಂದಳು, ಯಾಕೆ ಅಂತ ಹೇಳಲಿಲ್ಲ. ಅವನು ಆಗಲೇ ಇಳಿದಾಗಿತ್ತು.

ಹೋಟೆಲಿನವನು ಅದೇ ಊರಿನವನು, ನಗುಮುಖದವನು. ನಮ್ಮಿಬ್ಬರಿಗೆ ಸ್ಟೀಲ್ ಲೋಟದಲ್ಲಿ ಟೀ ತಂದುಕೊಟ್ಟ. ಅಕ್ಕನಿಗೂ ತಾಯಿಗೂ ಪೇಪರ್ ಕಪ್ಪು. ಬೆಂಚಿನ ಮೇಲಿದ್ದ ಉಳಿದವರ ಕೈಯಲ್ಲೆಲ್ಲ ಸ್ಟೀಲ್ ಲೋಟ. ತಾಯಿ ಚಪ್ಪರದ ಕೆಳಗೆ ಬರದೆ ಬಿಸಿಲಲ್ಲೇ ನಿಂತಿದ್ದರು. ಕಪ್ಪಿನ ಬಿಸಿ ತಾಳದೆ ಸೆರಗಿನ ತುದಿಯಿಂದ ಹಿಡಿದುಕೊಂಡಿದ್ದರು. ಗಿಟಾರಿನವನು ಏನನ್ನೂ ಗಮನಿಸದೆ ಊದಿ ಊದಿ ಕುಡಿಯುತ್ತಿದ್ದ.

“ನಮ್ಗೂ ಲೋಟದಲ್ಲೇ ಕೊಡಿ,” ಅಂದಳು ಅಕ್ಕ.

“ಪೇಪರ್ ಕಪ್ಪೇ ಕ್ಲೀನು ಕಣಮ್ಮ. ಯಾರ ಎಂಜಲೂ ಯಾರಿಗೂ ಅಂಟಲ್ಲ,” ಅಂದ ಹೋಟೆಲಿನವನು, ನಗು ಸ್ವಲ್ಪವೂ ಮಾಸದೆ.

“ಹಂಗಾದ್ರೆ ಅವ್ರಿಗೆಲ್ಲ ಯಾಕೆ ಲೋಟ?”

“ಅವ್ರು ದಿನಾ ಬರೋರು.”

“ಇವ್ರಿಬ್ರು ಇವತ್ತೇ ಬಂದೋರು.”

ತಾಯಿ ಬಿಸಿಲಿನಿಂದಲೇ ಮೆಲ್ಲಗೆ ಕರೆದರು. “ವದ್ದಮ್ಮಾ. ಪೋದಾಂ ರಾ.” ಬೇಡಮ್ಮ, ಹೋಗೋಣ ಬಾ.

ಅಕ್ಕ ತನ್ನ ಕಪ್ಪನ್ನು ಬೆಂಚಿನ ಮೇಲಿಟ್ಟು, ನನ್ನ ಕೈಯಿಂದ ಲೋಟ ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದಂತೆ ಕಚ್ಚಿ ಕುಡಿದಳು. ನಿಧಾನವಾಗಿ, ಪೂರ್ತಿ. ಹೋಟೆಲಿನವನು ಬೈಯಲಿಲ್ಲ, ದನಿ ಎತ್ತಲಿಲ್ಲ. ನನ್ನ ಕಡೆ ತಿರುಗಿ, “ಆ ಲೋಟ ನೀವೇ ತಗೊಂಡ್ಹೋಗಿ ಸಾರ್, ಪರವಾಗಿಲ್ಲ,” ಅಂದ. ಉಡುಗೊರೆ ಕೊಡುವವನ ಹಾಗೆ.

ಅಕ್ಕ ಲೋಟವನ್ನು ಬೆಂಚಿನ ಮೇಲೆ ಬೋರಲು ಹಾಕಿ ಬಂದು ಟೆಂಪೊ ಹತ್ತಿದಳು.

ಸುಮಾರು ದೂರ ಬಂದೆವು. ಆಗ ಮುಂದಿನ ಸೀಟಿನಲ್ಲಿದ್ದ ತಾಯಿ, ಬೇಡಮ್ಮ ಹೋಗೋಣ ಬಾ ಅಂದಿದ್ದ ಆಕೆ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೊಟ್ಟೆಯ ಆಳದಿಂದ ಎಳೆದುಕೊಂಡು “ಥೂ” ಅಂತ ಉಗಿದರು. ಬಾಯಿ ಒರೆಸಿಕೊಂಡು ನೆಟ್ಟಗೆ ಕೂತರು. ಅಷ್ಟು ಹಳೆಯ ಸಿಟ್ಟಿನ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಆಸ್ಪತ್ರೆಯ ಸಾಲಿನಲ್ಲಿ ಕೂತೇ ಅಕ್ಕ ಹಾಡು ಕಟ್ಟಿದಳು.

ಕಾಗದದ ಕಪ್ಪಲ್ಲಿ ಕಾಯಿಸಿದ ಟೀ,
ನಗ್ತಾ ನಗ್ತಾ ಕೊಟ್ಟೆಯಲ್ಲೋ, ಥೂ.
ನಮ್ಮವ್ವನ ಬೆರಳು ಸುಟ್ಟಿತಲ್ಲೋ,
ನೋಡ್ತಾ ನೋಡ್ತಾ ನಿಂತೆಯಲ್ಲೋ, ಥೂ.

ಗಿಟಾರಿನವನು ಅದಕ್ಕೆ ರಾಗ ಹಾಕಿದ. ತಾನು ಏನನ್ನೂ ಗಮನಿಸದೆ ಟೀ ಕುಡಿದೆನಲ್ಲ ಎಂಬ ಸಂಕಟ ಅವನ ಮುಖದಲ್ಲಿ ಕಾಣುತ್ತಿತ್ತು. ಅವನು ಹಾಕಿದ ರಾಗಗಳಲ್ಲೆಲ್ಲ ಅದೇ ಒಳ್ಳೆಯದು, ಈಗಲೂ ಹಾಗೇ ಹೇಳುತ್ತೇನೆ.

ಮೊದಲು ಅದನ್ನು ಹಾಡಿದ್ದು ಕೋಲಾರದ ಕಾಲೇಜೊಂದರಲ್ಲಿ. ಹಾಡು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೆಲವು ಹುಡುಗಿಯರು ಎದ್ದು ನಿಂತರು, ಚಪ್ಪಾಳೆ ತಟ್ಟಲಿಲ್ಲ, ಸುಮ್ಮನೆ ನಿಂತರು. ಮುಳಬಾಗಿಲಿನಲ್ಲಿ ಒಬ್ಬ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದು, “ಚೆನ್ನಾಗಿ ಬಾರಿಸ್ತೀಯ ಕಣಪ್ಪ, ಆದ್ರೆ ಈ ಜಾತಿ ವಿಷ್ಯ ಎಲ್ಲ ಬೇಕಿತ್ತಾ, ಈಗೆಲ್ಲಿದೆ ಅದೆಲ್ಲ?” ಅಂದರು. ಇಂಥ ಮಾತುಗಳನ್ನು ನಾವು ನಿರೀಕ್ಷಿಸಿದ್ದೆವು. ನಿರೀಕ್ಷಿಸದೇ ಇದ್ದದ್ದು ಬೆಂಗಳೂರಿನ ಪ್ರೀತಿ.

ಬೆಂಗಳೂರಿನವರಿಗೆ ಆ ಹಾಡು ತುಂಬಾ ಹಿಡಿಸಿತು. ಥೂ ಅನ್ನುವುದು ಎಲ್ಲರ ಬಾಯಿಗೂ ಬರುತ್ತದಲ್ಲ. ಯಾರೋ ವಿಡಿಯೊ ಮಾಡಿ, ಕಪ್ಪು, ಅವ್ವ, ಬೆರಳು ಎಲ್ಲ ಕತ್ತರಿಸಿ, ಬರೀ ಥೂ ಉಳಿಸಿ ಹಾಕಿದರು. ಅದು ಫೋನಿಂದ ಫೋನಿಗೆ ಹರಡಿತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು, ಬಾಸಿನ ಮೇಲೆ ಸಿಟ್ಟಾದವರು, ಪ್ರೇಮಿಗೆ ಕೈಕೊಟ್ಟವರು, ಕೈಕೊಡಿಸಿಕೊಂಡವರು, ಎಲ್ಲರೂ ಅಕ್ಕನ ದನಿಗೆ ಬಾಯಿ ಆಡಿಸಿ ವಿಡಿಯೊ ಹಾಕಿದರು. ಕೋಲಾರದ ಒಬ್ಬ ಯುವ ನಾಯಕ ತನ್ನ ಎದುರಾಳಿಯ ವಿರುದ್ಧ ಮೆರವಣಿಗೆಯಲ್ಲಿ ಹಾಡಿಸಬೇಕು ಅಂತ ಅಕ್ಕನ ಮನೆಗೇ ಬಂದ. ಅಕ್ಕ ಅವನನ್ನು ಕೂರಿಸಿ ಕೇಳಿದಳು.

“ನಿಮ್ಮನೇಲಿ ಎಷ್ಟು ಥರದ ಲೋಟ ಅವೆ?”

“ಅಂದ್ರೆ?”

“ಏನಿಲ್ಲ, ಹೋಗಿ ಬನ್ನಿ.”

ಆಮೇಲೆ ಉಗುಳು ಶುರುವಾಯಿತು. ಒಂದು ಭಾನುವಾರ ಸಂಜೆ, ಬೆಂಗಳೂರಿನಲ್ಲಿ, ಬಿಯರು ತಾವೇ ತಯಾರಿಸಿ ಮಾರುವ ಒಂದು ದೊಡ್ಡ ಪಬ್ಬಿನಲ್ಲಿ ನುಡಿಸುತ್ತಿದ್ದೆವು. ಥೂ ಬಂದಾಗ ಮುಂದಿನ ಸಾಲಿನಿಂದ ಏನೋ ಹಾರಿ ಅಕ್ಕನ ಕೆನ್ನೆಗೆ ಬಿತ್ತು. ಬಿಯರಿನ ನೊರೆ ಅಂದುಕೊಂಡೆ. ಮತ್ತೆ ಬಂತು. ಅವಳು ತೋಳಿನಿಂದ ಒರೆಸಿಕೊಂಡು ಹಾಡಿದಳು. ಮುಗಿದ ಮೇಲೆ ನಾನು ಟವೆಲು ಕೊಟ್ಟೆ. ಅವಳ ಕೂದಲಲ್ಲಿ ಕಡಲೆಕಾಯಿಯ ಚೂರು ಬೆರೆತ ಎಂಜಲು ದಾರದ ಹಾಗೆ ಇಳಿಯುತ್ತಿತ್ತು. ನಾನು ಹೊರಗೆ ಹೋಗಿ ಒಂದು ಬಾಟಲಿ ನೀರು ತಂದು ಕೊಟ್ಟೆ.

ಏರ್ಪಾಡು ಮಾಡಿದವರಿಗೆ ಹೇಳಿದರೆ, ಹೊರದೇಶದಲ್ಲಿ ಪಂಕ್ ಶುರುವಾದ ಕಾಲದಲ್ಲಿ ಜನ ಹೀಗೇ ಉಗಿಯುತ್ತಿದ್ದರಂತೆ, ಅದು ಮೆಚ್ಚುಗೆಯಂತೆ. “ಪ್ರೀತಿಯಿಂದ ಮಾಡ್ತಾರೆ ಮೇಡಂ,” ಅಂದರು.

ಮುಂದಿನ ಸಲವೂ ಹಾಗೇ ಆಯಿತು. ಮತ್ತೊಂದು ಸಲ ಹಾಡು ಶುರುವಾಗುವ ಮೊದಲೇ ಹುಡುಗರು ಬಾಯಿ ತುಂಬ ಬಿಯರು ತುಂಬಿಕೊಂಡು ಕಾಯುತ್ತಿದ್ದರು. ಅಂಥ ಕೆನ್ನೆಗಳ ಸಾಲನ್ನು ನಾನು ಡ್ರಮ್ಮಿನ ಹಿಂದಿನಿಂದ ನೋಡಿದೆ. ಉಬ್ಬಿದ, ನಗು ತಡೆದ ಕೆನ್ನೆಗಳು. ಒಳ್ಳೆಯ ಬಟ್ಟೆ, ಒಳ್ಳೆಯ ಹಲ್ಲು. ಮೊದಲ ಥೂಗೇ ಎಲ್ಲವೂ ಅವಳ ಮುಖಕ್ಕೆ ಬಿತ್ತು.

ಅಕ್ಕ ಕೈಯೆತ್ತಿದಳು. ನಾನು ನಿಲ್ಲಿಸಿದೆ, ಗಿಟಾರಿನವನೂ ನಿಲ್ಲಿಸಿದ.

“ದೀಪ ಹಾಕಿ,” ಅಂದಳು ಮೈಕಿನಲ್ಲಿ.

ದೀಪ ಹೊತ್ತಿಕೊಂಡಿತು. ಬೆಳಕಿನಲ್ಲಿ ಆ ನೆಲ, ಆ ವೇದಿಕೆಯ ಅಂಚು ಹೇಗಿತ್ತು ಅಂತ ಬರೆಯಲು ನನಗೆ ಇಷ್ಟವಿಲ್ಲ. ಅವಳು ಕೆಳಗಿಳಿದು ಮೂಲೆಯಲ್ಲಿದ್ದ ನೆಲ ಒರೆಸುವ ಕೋಲನ್ನೂ ಬಕೆಟ್ಟನ್ನೂ ತಂದು, ಉಗಿದವರಲ್ಲಿ ಎಲ್ಲರಿಗಿಂತ ಮುಂದಿದ್ದವನ ಕೈಗೆ ಕೋಲು ಕೊಟ್ಟಳು.

“ಒರೆಸು. ಆಮೇಲೆ ಹಾಡ್ತೀನಿ.”

ಅವನು ನಕ್ಕ. ಸುತ್ತಲಿದ್ದವರೂ ನಕ್ಕರು. ಅವಳು ನಗಲಿಲ್ಲ, ಕದಲಲಿಲ್ಲ. ಕೊನೆಗೆ ಅವನು ಒರೆಸಿದ. ಆದರೆ ಮೊದಲು ಫೋನನ್ನು ಗೆಳೆಯನ ಕೈಗೆ ಕೊಟ್ಟು, “ವಿಡಿಯೊ ಮಾಡೋ,” ಅಂದ. ಕೋಲು ಹಿಡಿದು ಅಕ್ಕನ ಪಕ್ಕದಲ್ಲಿ ಎರಡು ಬೆರಳೆತ್ತಿ ನಿಂತ. ಸಭೆಗೆ ಸಭೆಯೇ ಕೇಕೆ ಹಾಕಿತು. ಮರುದಿನ ಅದು ಎಲ್ಲ ಕಡೆ ಓಡಾಡಿತು. ದಿಟ್ಟ ಹೆಣ್ಣು, ಪಂಕ್ ರಾಣಿ, ಇನ್ನೂ ಏನೇನೋ. ಯಾಕೆ ಹಾಡು ನಿಂತಿತು, ಆ ಹಾಡು ಯಾವುದರ ಬಗ್ಗೆ ಅಂತ ಒಬ್ಬರೂ ಕೇಳಲಿಲ್ಲ.

ಅದಾದ ಮೇಲಿನ ಪ್ರದರ್ಶನಕ್ಕೆ ನಾವು ಹೋದಾಗ ವೇದಿಕೆಯ ಮಧ್ಯದಲ್ಲಿ, ಮೈಕಿನ ಪಕ್ಕದಲ್ಲಿ, ಒಂದು ಹೊಸ ಕೆಂಪು ಬಕೆಟ್ಟು ಮತ್ತು ನೆಲ ಒರೆಸುವ ಕೋಲು ಇಟ್ಟಿದ್ದರು. ಅದಕ್ಕೊಂದು ಬೇರೆ ದೀಪ.

“ಇದೇನು?” ಅಂದಳು ಅಕ್ಕ.

“ನಿಮ್ಮ ಸಿಗ್ನೇಚರ್ ಅಲ್ವಾ ಮೇಡಂ? ಜನ ಅದಕ್ಕೇ ಬಂದಿರೋದು,” ಅಂದ ಏರ್ಪಾಡಿನವನು.

ಅವಳು ಬೇಸ್ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು ಹೊರಗೆ ನಡೆದಳು. ನಾವು ಹಿಂದೆ ಹೋದೆವು. ಟೆಂಪೊದ ಹಿಂದೆ ನಿಂತು ಗಿಟಾರಿನವನು ಮೊದಲ ಸಲ ಅವಳಿಗೆ ಎದುರು ಮಾತಾಡಿದ.

“ಅವ್ರು ಚಿಕ್ ಹುಡುಗ್ರು ಅಕ್ಕ. ಅವ್ರಿಗೆ ಗೊತ್ತಿಲ್ಲ.”

“ಗೊತ್ತಿಲ್ದೆ ಇರೋದು ಎಷ್ಟು ಸುಖ ನೋಡು.”

“ಇಷ್ಟು ವರ್ಷ ಆ ಹಾಳು ರೂಮುಗಳಲ್ಲಿ ಮಲಗಿದ್ದು ಇದಕ್ಕೇ ತಾನೆ? ಜನ ಬರ್ಲಿ ಅಂತ ತಾನೆ?”

“ಬಂದು ಕೇಳ್ಲಿ ಅಂತ ಕಣೋ. ಬಂದು ಉಗೀಲಿ ಅಂತಲ್ಲ.”

“ನಂಗೆ ಸುಸ್ತಾಗಿದೆ ಅಕ್ಕ,” ಅಂದ ಅವನು. ಅವನ ಕಣ್ಣಿನ ಬಿಳಿ ಆಗಲೇ ಹಳದಿಯಾಗಿತ್ತು. ಎಲ್ಲಿಯದೋ ನೀರು ಕುಡಿದು ಕಾಮಾಲೆ ಹತ್ತಿಸಿಕೊಂಡಿದ್ದ. ಅದು ನಮಗೆ ತಿಳಿದದ್ದು ಆಮೇಲೆ.

ಅವನು ಮಾಲೂರಿನಲ್ಲಿ ಹಾಸಿಗೆ ಹಿಡಿದ. ನಾವು ನೋಡಲು ಹೋದರೆ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಅವನ ತಾಯಿ ಅಕ್ಕನಿಗೆ ಮಜ್ಜಿಗೆ ಕೊಟ್ಟು, “ಇವನ್ನ ಬಿಟ್ಬಿಡಮ್ಮ ಇನ್ನ,” ಅಂದರು. ಅಕ್ಕ ಮಜ್ಜಿಗೆ ಕುಡಿದು, ಸರಿ ಅಂದಳು. ಗುಣವಾದ ಮೇಲೆ ಅವನು ಬೆಂಗಳೂರಿನ ಒಂದು ಈವೆಂಟ್ ಕಂಪನಿಗೆ ಸೇರಿದ. ಬ್ಯಾಂಡಿನ ಹೆಸರು ಅವನೇ ಇಟ್ಟದ್ದು, ರಾಗ ಅವನದೇ. ಅವೆರಡೂ ಅವನ ಜೊತೆ ಹೋದವು, ಅವನ ಮಾವನ ಟೆಂಪೊ ಮಾತ್ರ ನಮಗೆ ಉಳಿಯಿತು. ನಮ್ಮ ಹೆಸರಿನಲ್ಲಿ ಈಗ ಒಂದು ತಂಡ ಕಂಪನಿಗಳ ವಾರ್ಷಿಕೋತ್ಸವಗಳಲ್ಲಿ ನುಡಿಸುತ್ತದೆ. ಹಾಗಾಗಿ ಆ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಕೇಳಿದರೆ ನೀವು ಅವರನ್ನು ನೆನೆಯುತ್ತೀರಿ.

ಕಳೆದ ಬೇಸಿಗೆಯಲ್ಲಿ ಅವನ ಮದುವೆಯಾಯಿತು, ಮಾಲೂರಿನಲ್ಲಿ. ಆಮಂತ್ರಣ ಕೊಡಲು ಅವನೇ ಬಂದಿದ್ದ. ಹೋಗುವುದೋ ಬೇಡವೋ ಅಂತ ನಾನು ಯೋಚಿಸುತ್ತಿದ್ದಾಗ ಅಕ್ಕ ರೇಷ್ಮೆ ಸೀರೆ ಉಟ್ಟು ಸಿದ್ಧಳಾಗಿದ್ದಳು. ಛತ್ರದೊಳಗೆ ಎ.ಸಿ. ತಂಪು, ಎಲ್ಲೆಲ್ಲೂ ಪ್ಲಾಸ್ಟಿಕ್ಕಿನ ಗುಲಾಬಿ. ಗಂಡು ಹೆಣ್ಣು ವೇದಿಕೆಗೆ ಬರುವ ಹೊತ್ತಿಗೆ ಅವನ ತಂಡದವರು ನುಡಿಸತೊಡಗಿದರು. ಕೀಬೋರ್ಡು, ಕೊಳಲು, ಪಿಟೀಲು. ಒಂದೆರಡು ಸಾಲಿನ ಮಟ್ಟಿಗೆ ನನಗೆ ಹೊಳೆಯಲಿಲ್ಲ. ಆಮೇಲೆ ಬೆನ್ನ ಮೇಲೆ ಹಲ್ಲಿ ಬಿದ್ದ ಹಾಗಾಯಿತು. ಅದೇ ರಾಗ. ನಿಧಾನಿಸಿ, ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂತಿದ್ದ ಅದೇ ರಾಗ. ಥೂ ಇದ್ದಲ್ಲೆಲ್ಲ ಹೂ ಅಂತ ಹಾಡುತ್ತಿದ್ದರು. ನಗ್ತಾ ನಗ್ತಾ ಕೊಟ್ಟೆಯಲ್ಲೋ, ಹೂ. ನೋಡ್ತಾ ನೋಡ್ತಾ ನಿಂತೆಯಲ್ಲೋ, ಹೂ. ಪ್ರತಿ ಹೂವಿಗೂ ಒಂದು ಯಂತ್ರ ಗಾಳಿ ಊದಿ ಗುಲಾಬಿ ಪಕಳೆ ಹಾರಿಸುತ್ತಿತ್ತು.

ನಾನು ಎದ್ದೆ. ಅಕ್ಕ ನನ್ನ ಅಂಗಿ ಹಿಡಿದು ಕೂರಿಸಿದಳು.

“ಏನಕ್ಕ ಇದು?” ಅಂದೆ. “ನಿಮ್ಮಮ್ಮ ಉಗಿದ ಉಗುಳಿದು. ಇದಕ್ಕೆ ಸೆಂಟು ಹಾಕಿ ಎರಚ್ತಾ ಅವ್ರೆ.”

“ಮದ್ವೆ ಮನೆ ಕಣೋ. ಸುಮ್ನಿರು.”

ಅವಳ ಕಣ್ಣು ವೇದಿಕೆಯ ಮೇಲಿತ್ತು. ಗಿಟಾರಿನವನು, ಈಗ ಮದುಮಗ, ನಮ್ಮ ಕಡೆ ನೋಡಲಿಲ್ಲ. ಪಕಳೆಯೊಂದು ಅವನ ಹಣೆಯ ಬೆವರಿಗೆ ಅಂಟಿಕೊಂಡಿತ್ತು, ತೆಗೆಯಲು ಅವನಿಗೆ ಕೈ ಬರಲಿಲ್ಲ. ಇದನ್ನು ಹಾಡಿ ಅಂತ ಅವನೇ ಹೇಳಿದ್ದನೋ, ತಂಡದವರು ತಾವಾಗಿಯೇ ಹಾಡಿದರೋ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ.

ಸಾಲಿನಲ್ಲಿ ನಿಂತು ನಾವೂ ವೇದಿಕೆ ಹತ್ತಿದೆವು. ಅಕ್ಕ ಹುಡುಗಿಯ ಕೈ ಹಿಡಿದುಕೊಂಡು, “ಕಾಮಾಲೆ ಬಂದು ಇವನ ಈಲಿ ಕೆಟ್ಟಿತ್ತಮ್ಮ. ಎಣ್ಣೆ, ಖಾರ ಜಾಸ್ತಿ ಹಾಕ್ಬೇಡ. ಹೊರಗಿನ್ ನೀರು ಕುಡಿಯೋಕ್ ಬಿಡ್ಬೇಡ,” ಅಂದಳು. ಗಿಟಾರಿನವನು ಬಗ್ಗಿ ಅವಳ ಕಾಲು ಮುಟ್ಟಲು ಹೋದ. ಅವಳು ಹಿಂದಕ್ಕೆ ಸರಿದು, “ಏಳ್ಲಾ, ಪಂಚೆ ಬಿಚ್ಚೋಯ್ತದೆ,” ಅಂದಳು. ಫೋಟೊ ತೆಗೆಸಿಕೊಂಡು ಇಳಿದೆವು. ಊಟ ಚೆನ್ನಾಗಿತ್ತು. ಅಕ್ಕ ಹೋಳಿಗೆ ಮತ್ತೆ ಹಾಕಿಸಿಕೊಂಡಳು. ನಾನು ಎಲೆ ಮಡಿಸಿ ಎದ್ದೆ.

ಊಟವಾದ ಮೇಲೆ ಅಲ್ಲಿಂದಲೇ ಹೊಸೂರಿಗೆ ಹೊರಟೆವು. ಅವತ್ತು ಸಂಜೆ ಅಲ್ಲಿ ನಮ್ಮ ಪ್ರದರ್ಶನವಿತ್ತು. ಈಗ ನಮ್ಮ ಜೊತೆ ಗಿಟಾರು ಹಿಡಿಯುವವಳು ಕೋಲಾರದ ಒಬ್ಬ ನರ್ಸು. ಡ್ಯೂಟಿ ಮುಗಿಸಿಕೊಂಡು ಬಸ್ಸಿನಲ್ಲಿ ಬಂದು ಸೇರಿಕೊಂಡಳು. ಅವಳಿಗೆ ಇನ್ನೂ ಕೈ ಪಳಗಿಲ್ಲ, ಆದರೆ ಹಿಂಜರಿಕೆಯಿಲ್ಲ. ಟೆಂಪೊ ಹತ್ತುವ ಮೊದಲು ಫಿನಾಯಿಲ್ ಸಿಂಪಡಿಸುತ್ತಾಳೆ. ನಮ್ಮ ಬ್ಯಾಂಡಿನಲ್ಲಿ ಇಷ್ಟು ವರ್ಷಕ್ಕೆ ಆದ ಸುಧಾರಣೆ ಅದೊಂದೇ.

ಹೊಸೂರಿನ ಜಾಗ ಒಂದು ಸ್ಕೂಟರ್ ರಿಪೇರಿ ಶೆಡ್ಡು. ಆಯಿಲ್ ಮೆತ್ತಿದ ನೆಲ, ಬೆರಳೆಣಿಕೆಯ ಜನ. ಹಿಂದಿನಿಂದ ಯಾರೋ ಆ ಹಾಡು ಹಾಡಿ ಅಂತ ಕೂಗಿದರು.

“ಆ ಹಾಡು ಈಗ ನಮ್ ಹತ್ರ ಇಲ್ಲ,” ಅಂದಳು ಅಕ್ಕ. “ಬೇರೆ ಅವೆ.”

ಬೇರೆಯವನ್ನು ಹಾಡಿದೆವು. ನಂಗಲಿಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸೀಬೆಹಣ್ಣು ಮಾರುವ ಹೆಂಗಸರ ಬಗ್ಗೆ ಒಂದು, ಟೊಮೆಟೊ ತೋಟಕ್ಕೆ ಔಷಧಿ ಹೊಡೆದು ಕೆಮ್ಮುವವರ ಬಗ್ಗೆ ಒಂದು. ಕೆಲವರು ಮಧ್ಯದಲ್ಲೇ ಎದ್ದುಹೋದರು. ಉಳಿದವರು ಕೂತು ಕೇಳಿದರು. ಯಾರೂ ಉಗಿಯಲಿಲ್ಲ.

ಸಾಮಾನು ಕಟ್ಟುತ್ತಿದ್ದಾಗ ಕಾಲೇಜು ಹುಡುಗಿಯೊಬ್ಬಳು ಫೋನು ಹಿಡಿದು ಬಂದಳು. ಕೆಮ್ಮಿನ ಹಾಡಿನ ಮಾತುಗಳು ಬೇಕು ಅಂದಳು. ಅಕ್ಕ ತಂತಿ ಸುತ್ತುವುದನ್ನು ಬಿಟ್ಟು ಒಂದೊಂದೇ ಸಾಲು ಹೇಳಿದಳು. ಹುಡುಗಿ ಟೈಪ್ ಮಾಡಿಕೊಂಡಳು. ಗೊತ್ತಾಗದ ಪದಗಳಿಗೆ ಅರ್ಥ ಕೇಳಿದಳು, ಅಕ್ಕ ತಾಳ್ಮೆಯಿಂದ ಹೇಳಿದಳು.

“ಅಕ್ಕ, ಇದನ್ನ ಸ್ಟೇಟಸ್ಸಿಗೆ ಹಾಕ್ಲಾ?”

“ಹಾಕು. ಪೂರ್ತಿ ಹಾಕು.”

“ಪೂರ್ತಿ ಉದ್ದ ಆಗುತ್ತೆ, ಯಾರೂ ಓದಲ್ಲ ಅಕ್ಕ. ಕೊನೇ ಸಾಲು ಮಾತ್ರ ಹಾಕ್ತೀನಿ, ಅದು ಸೂಪರಾಗಿದೆ.”

“ಹಂಗಾದ್ರೆ ಬೇಡ ಬಿಡು,” ಅಂದಳು ಅಕ್ಕ. ಬೈಯಲಿಲ್ಲ. ತಂತಿ ಸುತ್ತಿ ಮುಗಿಸಿ ನನ್ನ ಕೈಗೆ ಕೊಟ್ಟಳು. ಹುಡುಗಿ ಏನು ಮಾಡಬೇಕೆಂದು ತಿಳಿಯದೆ ಫೋನು ನೋಡುತ್ತಾ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು. ನಾನು ಡ್ರಮ್ಮು ಎತ್ತಿಕೊಂಡು ಅವಳನ್ನು ದಾಟಿ ಟೆಂಪೊದ ಕಡೆ ಹೋದೆ.